‘ಒಂದೇ ಒಂದು’ ಅಂತ ಲೋಟ ಕೊಟ್ಟವರಿಗೆ

ಭಾನುವಾರ ಮದ್ದೂರು ಕಡೆ ಒಂದು ಬೀಗರ ಊಟಕ್ಕೆ ಹೋಗಿದ್ದೆವು. ಬಂದು ಎರಡು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮವರು ಕುಡಿತ ಬಿಟ್ಟು ಈ ಶ್ರಾವಣಕ್ಕೆ ಆರು ವರ್ಷ. ನಿಮ್ಮಲ್ಲಿ ಬಹಳ ಜನಕ್ಕೆ ಆ ಕಥೆ ಗೊತ್ತು, ಕೆಲವರು ಆಸ್ಪತ್ರೆ ತನಕ ಜೊತೆಗೂ ಬಂದಿದ್ದೀರಿ. ಭಾನುವಾರ ಪೆಂಡಾಲ್ ಹಿಂದೆ, ತೆಂಗಿನ ತೋಟದಲ್ಲಿ, ಗಂಡಸರೆಲ್ಲ ಸೇರಿದ್ದರು. ಹತ್ತಿರದ ನೆಂಟರೊಬ್ಬರು ಇವರ ಕೈಗೆ ಒಂದು ಪ್ಲಾಸ್ಟಿಕ್ ಲೋಟ ಕೊಟ್ಟು ‘ಬರೀ ಕೂಲ್ ಡ್ರಿಂಕ್ಸ್ ಕಣಪ್ಪಾ’ ಅಂದರು. ಇವರು ಬಾಯಿ ಹತ್ತಿರ ತಂದವರು ಹಾಗೇ ನಿಂತರು. ವಾಸನೆ ಬಡಿದಿತ್ತು. ಲೋಟವನ್ನು ಚೆಲ್ಲದ ಹಾಗೆ ಒಂದು ಕುರ್ಚಿ ಮೇಲಿಟ್ಟು, ಯಾರಿಗೂ ಏನೂ ಹೇಳದೆ ಹೋಗಿ ಕಾರಲ್ಲಿ ಕೂತರು. ನಾನು ಹೋಗಿ ನೋಡಿದರೆ ಸ್ಟೀರಿಂಗ್ ಮೇಲಿಟ್ಟ ಕೈ ನಡುಗುತ್ತಿತ್ತು. ಆ ಕಡೆ ತೋಟದಲ್ಲಿ ನಗು. ‘ಆರು ವರ್ಷ ಆಯ್ತಲ್ಲಮ್ಮಾ, ಒಂದೇ ಒಂದು ಕುಡಿದಿದ್ರೆ ಏನಾಗ್ತಿತ್ತು?’

ಏನಾಗ್ತಿತ್ತು ಅಂತ ಹೇಳುತ್ತೇನೆ, ಕೇಳಿ.

ಮೊದಲ ಸಲ ಇವರು ಬಿಟ್ಟಾಗ ಹದಿನಾಲ್ಕು ತಿಂಗಳು ಚೆನ್ನಾಗಿದ್ದರು. ನಮ್ಮ ಮಾವನ ವರ್ಷದ ತಿಥಿ ಮುಗಿದ ಮಾರನೇ ದಿನ ಯಾರೋ ಹೀಗೇ ‘ಒಂದೇ ಒಂದು ಬಿಯರ್’ ಅಂದರು. ಆ ವಾರ ಬಿಯರ್ ಇತ್ತು. ಮುಂದಿನ ವಾರ ಕ್ವಾರ್ಟರ್. ಮೂರನೇ ವಾರಕ್ಕೆ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಬೇಕಾಯಿತು. ಮತ್ತೆ ಮೇಲೆ ಬರಲು ನಮಗೆ ಒಂದೂವರೆ ವರ್ಷ ಹಿಡಿಯಿತು. ಆ ಒಂದೂವರೆ ವರ್ಷದಲ್ಲಿ ನನ್ನ ಮಗಳು ಅಪ್ಪನ ಬೈಕ್ ಸ್ಟ್ಯಾಂಡ್ ಹಾಕುವ ಸದ್ದು ಕೇಳಿಯೇ ‘ಅಮ್ಮಾ, ಇವತ್ತು ಕುಡಿದಿದ್ದಾರೆ’ ಅಂತ ಹೇಳಲು ಕಲಿತಳು. ಎಂಟು ವರ್ಷದ ಕೂಸು. ಒಂದೇ ಏಟಿಗೆ ಸ್ಟ್ಯಾಂಡ್ ಬಿದ್ದರೆ ಕುಡಿದಿಲ್ಲ, ಎರಡು ಮೂರು ಸಲ ಒದ್ದರೆ ಕುಡಿದಿದ್ದಾರೆ. ಒಂದೇ ಒಂದು ಲೋಟದ ಬೆಲೆ ಇದು.

ಮತ್ತೆ ಬಿಡುವಾಗ ಆಸ್ಪತ್ರೆ ಬೇಡ, ನಾನೇ ನಿಲ್ಲಿಸುತ್ತೇನೆ ಅಂತ ರೂಮಲ್ಲಿ ಮಲಗಿದರು. ಮೂರನೇ ರಾತ್ರಿ ಎದ್ದು ಕೂತು ಗೋಡೆ ಒರೆಸಲು ಶುರು ಮಾಡಿದರು. ಇರುವೆ ಸಾಲು ಹೋಗ್ತಿದೆಯಂತೆ. ಗೋಡೆ ಮೇಲೆ ಏನೂ ಇರಲಿಲ್ಲ. ಮೈಯೆಲ್ಲ ಬೆವರು, ನನ್ನ ಗುರುತೇ ಸಿಗುತ್ತಿಲ್ಲ. ಡೆಲಿರಿಯಂ ಟ್ರೆಮೆನ್ಸ್ ಅಂತಾರೆ ಇದಕ್ಕೆ. ವರ್ಷಗಟ್ಟಲೆ ಜಾಸ್ತಿ ಕುಡಿದವರು ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಬರಬಹುದು, ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ‘ನಾಳೆಯಿಂದ ಬಿಟ್ಟುಬಿಡು’ ಅಂತ ಗಂಡನಿಗೆ ಹೇಳುವ ಮುಂಚೆ ದಯವಿಟ್ಟು ಡಾಕ್ಟರ ಹತ್ತಿರ ಮಾತಾಡಿ.

ಆಣೆ ಪ್ರಮಾಣ ನಾವೂ ಮಾಡಿಸಿದ್ದೆವು. ಮಂಜುನಾಥನ ಮೇಲೆ, ಮಗಳ ತಲೆ ಮುಟ್ಟಿ. ಆಣೆ ಮಾಡುವಾಗ ಇವರು ಸುಳ್ಳು ಹೇಳುತ್ತಿರಲಿಲ್ಲ. ಅದು ನನಗೆ ಅರ್ಥ ಆಗಲು ತುಂಬಾ ವರ್ಷ ಬೇಕಾಯಿತು. ಬೆಳಿಗ್ಗೆ ಆಣೆ ಮಾಡಿದ ಮನುಷ್ಯನೇ ಸಂಜೆ ಆರಕ್ಕೆ ಬೇರೆ ಆಗಿರುತ್ತಿದ್ದ.

ಇನ್ನೊಂದು ವಿಷಯ ಇಲ್ಲಿವರೆಗೂ ಯಾರಿಗೂ ಹೇಳಿಲ್ಲ. ಯಾರದೋ ಮಾತು ಕೇಳಿ, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಇವರಿಗೆ ತಿಳಿಯದ ಹಾಗೆ ಪುಡಿ ಮಾಡಿ ಹದಿನೈದು ದಿನ ಇವರ ಸಾರಿಗೆ ಹಾಕಿದ್ದೆ. ಅದು ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿ ಆಗಿ, ಬಿಪಿ ಕುಸಿಯಬಹುದು. ಇವರಿಗೂ ಹಾಗೇ ಆಯ್ತು. ಬಚ್ಚಲಲ್ಲಿ ಬಿದ್ದಿದ್ದರು. ‘ಅವರಿಗೆ ಗೊತ್ತಿಲ್ಲದೆ ಕೊಟ್ಟರೆ ಇದು ಔಷಧಿಯಲ್ಲ, ವಿಷ’ ಅಂತ ಡಾಕ್ಟರು ಬೈದಾಗ ತಲೆ ಎತ್ತಲಾಗಲಿಲ್ಲ. ಅದೇ ಮಾತ್ರೆಯನ್ನು ಆಮೇಲೆ ಇವರೇ ಒಪ್ಪಿ, ನನ್ನ ಎದುರೇ ನುಂಗಿದರು. ಆಗ ಕೆಲಸ ಮಾಡಿತು. ನಾನು ಮಾಡಿದ ತಪ್ಪನ್ನು ನೀವು ಯಾರೂ ಮಾಡಬೇಡಿ.

ಕೆಲವರು ಹೇಳುತ್ತಾರೆ, ಮನಸ್ಸು ಗಟ್ಟಿ ಇದ್ದವನು ಯಾರು ಕೊಟ್ಟರೂ ಕುಡಿಯಲ್ಲ, ಕೊಟ್ಟವರನ್ನು ಯಾಕೆ ಬೈತೀರಿ ಅಂತ. ಕುಡಿಯುವ ಕೈ ಅವರದೇ, ಒಪ್ಪುತ್ತೇನೆ. ಅಷ್ಟು ಮಾತ್ರ. 2007ರ ಜುಲೈ 1ರಿಂದ ಸಾರಾಯಿ ಬಂದ್ ಅಂದಾಗ ನಮ್ಮ ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದ್ದರು. ಮಾವ ಸಾರಾಯಿ ಬಿಟ್ಟರು, ಅದೇ ರಸ್ತೆಯಲ್ಲಿ 90 ಎಂಎಲ್ ಪ್ಯಾಕೆಟ್ ಹಿಡಿದರು, ಕೊನೆಗೆ ಲಿವರ್ ಹೋಗಿ ತೀರಿಕೊಂಡರು. 2019ರಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಮದ್ಯ ನಿಷೇಧ ಮಾಡಿ ಅಂತ ನಡೆದು ಬಂದರಲ್ಲ, ಅವರ ಪಾದದ ಬೊಬ್ಬೆ ನೋಡಿದ್ದರೆ ‘ಮನಸ್ಸು ಗಟ್ಟಿ’ ಅನ್ನುವ ಮಾತು ಬಾಯಿಗೆ ಬರುತ್ತಿರಲಿಲ್ಲ. ಕಾಯಿಲೆ ಇದು. ಸಕ್ಕರೆ ಕಾಯಿಲೆಯವರಿಗೆ ಸುಳ್ಳು ಹೇಳಿ ಪಾಯಸ ಕುಡಿಸ್ತೀರಾ?

ಅಲ್ಲೇ ಕೈ ತೊಳೆಯುವ ಕಡೆ ನನ್ನ ಚಿಕ್ಕಪ್ಪನ ಮಗಳು ಸೀರೆ ಸೆರಗು ಹಿಡಿದುಕೊಂಡು ಕೇಳಿದಳು. ‘ಅಕ್ಕಾ, ಭಾವ ನಿಜವಾಗ್ಲೂ ಬಿಟ್ಟಿದ್ದಾರಾ? ನಮ್ಮನೆಯವರೂ ಬಿಡ್ತಾರಾ?’ ಅಲ್ಲಿ ಉತ್ತರ ಕೊಡಲು ಆಗಲಿಲ್ಲ, ಗಂಟಲು ಕಟ್ಟಿತ್ತು. ರಾತ್ರಿ ಫೋನ್ ಮಾಡಿ ಹೇಳಿದೆ. ಬಿಡಬಹುದು ಕಣೇ. ಬಿಟ್ಟು ಬದುಕುತ್ತಿರುವವರು ತುಂಬಾ ಜನ ಇದ್ದಾರೆ. ಜಾರ್ಜ್ ವೈಲಂಟ್ ಅಂತ ಅಮೆರಿಕದ ಮನೋವೈದ್ಯರು ನೂರಾರು ಗಂಡಸರ ಬದುಕನ್ನು ದಶಕಗಟ್ಟಲೆ ಗಮನಿಸಿ, ಐದು ವರ್ಷ ಕುಡಿಯದೆ ಇದ್ದವರು ಮತ್ತೆ ಬೀಳುವುದು ಅಪರೂಪ ಅಂತ ಕಂಡುಕೊಂಡರು. ಅಪರೂಪ ಅಂದರೆ ಆಗೋದೇ ಇಲ್ಲ ಅಂತ ಅಲ್ಲ. ನಡುವೆ ಒಂದು ಸಲ ಜಾರಿದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ.

ಇವರನ್ನು ಹಿಡಿದು ನಿಲ್ಲಿಸಿದ್ದು ಚಿಕಿತ್ಸೆ, ಆಮೇಲೆ ಎಎ ಮೀಟಿಂಗ್. ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವವರ ಗುಂಪು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು, ಅದರಲ್ಲೊಬ್ಬರು ಡಾಕ್ಟರು, ಒಬ್ಬರಿಗೊಬ್ಬರು ಮಾತಾಡಿಕೊಂಡೇ ಕುಡಿಯದೆ ಉಳಿದರು. ಅಲ್ಲಿಂದ ಶುರುವಾದದ್ದು. ಫೀಸಿಲ್ಲ. ಪ್ಲಾಸ್ಟಿಕ್ ಕುರ್ಚಿ, ಲೋಟದಲ್ಲಿ ಟೀ, ‘ಇವತ್ತೊಂದು ದಿನ ಕುಡಿಯಲ್ಲ’ ಅನ್ನುವ ಮಾತು. ಮನೆಯವರಿಗೂ ಆಲನಾನ್ ಅಂತ ಬೇರೆ ಗುಂಪಿದೆ. ನಾನು ಅಲ್ಲಿ ಮೊದಲ ಮೂರು ವಾರ ಸುಮ್ನೆ ಅತ್ತೆ. ಇವರ ಕುಡಿತಕ್ಕೆ ನಾನು ಕಾರಣ ಅಲ್ಲ ಅಂತ ಹನ್ನೊಂದು ವರ್ಷದ ಮದುವೆಯಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ತಂಗಿಗೆ ಇನ್ನೊಂದನ್ನೂ ಹೇಳಿದೆ. ಕೈ ಎತ್ತಿದರೆ ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬಾ. ಅವರು ಸರಿಹೋಗುವ ತನಕ ಹೊಡೆತ ತಿಂದುಕೊಂಡು ಕಾಯಬೇಡ.

ಆರು ವರ್ಷ ಆದರೂ ಇವರು ಲೇಟಾಗಿ ಬಂದರೆ ನಾನು ಇವತ್ತಿಗೂ ಬಾಗಿಲಲ್ಲಿ ಉಸಿರು ಎಳೆದು ನೋಡುತ್ತೇನೆ. ಇವರಿಗೂ ಗೊತ್ತು. ಚಪ್ಪಲಿ ಬಿಡುತ್ತಾ ಒಂದು ಗಳಿಗೆ ಹತ್ತಿರ ನಿಂತುಕೊಳ್ಳುತ್ತಾರೆ, ನನಗೆ ಸಮಾಧಾನ ಆಗಲಿ ಅಂತ.

ಇಂತಹ ಮನುಷ್ಯನ ಕೈಗೆ ಸುಳ್ಳು ಹೇಳಿ ಲೋಟ ಕೊಟ್ಟಿರಲ್ಲ.

ಬುಧವಾರದ ಮೀಟಿಂಗಿಗೆ ತಂಗಿಯ ಗಂಡನನ್ನೂ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾರೆ. ಇವರೇ ನಿನ್ನೆ ರಾತ್ರಿ ಅವನಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರು. ಅವನು ಇನ್ನೂ ಹ್ಞೂಂ ಅಂದಿಲ್ಲ.