ಅಪ್ಪ ಅಮ್ಮ ಜೊತೆಗಿದ್ದರೆ ಕ್ರೂಸ್‌ನಲ್ಲಿ ಮೊದಲ ಪಂಕ್ತಿಯೇ ಸರಿ

ಬೇಸಿಗೆ ಬಂತು ಅಂದ್ರೆ ಸಿಯಾಟಲ್‌ನ ಕನ್ನಡದವರ ಮನೆಗಳಲ್ಲಿ ಅಲಾಸ್ಕಾ ಕ್ರೂಸ್‌ನದೇ, ಅಂದರೆ ಹಡಗಿನ ಪ್ರವಾಸದ್ದೇ ಮಾತು. ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಒಂದು ಸಲ ತೋರಿಸಿಬಿಡೋಣ ಅಂತ ಆಸೆ. ಬುಕ್ ಮಾಡುವಾಗ ರಾತ್ರಿ ಊಟ ಎಷ್ಟು ಹೊತ್ತಿಗೆ ಅಂತ ಕೇಳುತ್ತಾರೆ. ಸಾಮಾನ್ಯವಾಗಿ ಸಂಜೆ 5.30ರ ಸುಮಾರಿಗೆ ಒಂದು ಪಂಕ್ತಿ, ರಾತ್ರಿ 8ರ ಮೇಲೆ ಇನ್ನೊಂದು. "ಐದೂವರೆಗೆ ಯಾರ್ರೀ ಊಟ ಮಾಡ್ತಾರೆ, ಅದು ಕಾಫಿ ಕುಡಿಯೋ ಹೊತ್ತು" ಅಂತ ನಮ್ಮವರು ಹೆಚ್ಚಿನವರು ಎರಡನೆಯದನ್ನು ಒತ್ತಿಬಿಡುತ್ತಾರೆ.

ದಯವಿಟ್ಟು ಹಾಗೆ ಮಾಡಬೇಡಿ.

8.30ರ ಪಂಕ್ತಿ ಅಂದರೆ 8.30ಕ್ಕೆ ಕೂರುವುದು, ಅಷ್ಟೇ. ಆಮೇಲೆ ಬ್ರೆಡ್ಡು, ಸೂಪು, ನಡುವೆ ಒಂದಷ್ಟು ಕಾಯುವುದು, ಮುಖ್ಯ ಊಟ, ಕೊನೆಗೆ ಸಿಹಿ. ಒಂದೂವರೆ ಗಂಟೆ ಎಲ್ಲೂ ಹೋಗಲ್ಲ. ನಮ್ಮಮ್ಮನಿಗೆ ಶುಗರ್ ಇದೆ, ಮನೆಯಲ್ಲಿ ಏಳೂವರೆಗೆಲ್ಲ ಊಟ ಮುಗಿದಿರುತ್ತದೆ. ಅಂಥವರನ್ನು ರಾತ್ರಿ ಒಂಬತ್ತೂವರೆಗೆ ಚಪಾತಿಗೆ ಕಾಯಿಸೋದು ನ್ಯಾಯವಾ? ಮಕ್ಕಳಂತೂ ಸೂಪು ಬರುವ ಹೊತ್ತಿಗೆ ಮೇಜಿನ ಮೇಲೆ ತಲೆ ಇಟ್ಟಿರುತ್ತವೆ.

ಇನ್ನೊಂದು ವಿಷಯ ಬೆಳಕಿನದು. ನನಗೆ ಇದೇ ದೊಡ್ಡದು. ಜೂನ್ ಕೊನೆಗೆ ಅಲಾಸ್ಕಾದ ರಾಜಧಾನಿ ಜೂನೋ ಕಡೆ ಸೂರ್ಯ ಮುಳುಗುವಾಗ ರಾತ್ರಿ 10 ಗಂಟೆ ದಾಟಿರುತ್ತದೆ. ಮೊದಲ ಪಂಕ್ತಿಯವರು ಏಳೂವರೆಗೆ ಹೊಟ್ಟೆ ತುಂಬಿಸಿಕೊಂಡು ಡೆಕ್‌ಗೆ ಬಂದರೆ ಇನ್ನೂ ಎರಡು ಗಂಟೆಗೂ ಹೆಚ್ಚು ಬೆಳಕು. ಹಂಪ್‌ಬ್ಯಾಕ್ ತಿಮಿಂಗಿಲಗಳು ಚಳಿಗಾಲ ಹವಾಯಿ ಕಡೆ ಕಳೆದು, ಬೇಸಿಗೆಗೆ ಮೇಯಲು ಇಲ್ಲಿಗೆ ಬರುತ್ತವೆ. ಮೊದಲು ನೀರಿನ ಮೇಲೆ ಬಿಳಿ ಉಸಿರು ಚಿಮ್ಮುತ್ತದೆ. ಆಮೇಲೆ ಕಪ್ಪು ಬೆನ್ನು ಸ್ವಲ್ಪ ಕಾಣುತ್ತದೆ. ಆಳಕ್ಕೆ ಮುಳುಗುವಾಗ ಮಾತ್ರ ಬಾಲ ಪೂರ್ತಿ ಮೇಲೆ ಬರುತ್ತದೆ. ಅಮ್ಮ ಶಾಲು ಹೊದ್ದು ಕಂಬಿ ಹಿಡಿದು ನಿಂತು "ಅಗೋ, ಅಗೋ" ಅಂದಿದ್ದು ಅದೇ ಹೊತ್ತಲ್ಲಿ. ಎರಡನೇ ಪಂಕ್ತಿಯವರು ಆಗ ಒಳಗೆ ಮೆನು ಓದುತ್ತಿರುತ್ತಾರೆ.

ಕೊನೆಯ ಸಂಜೆಯ ವಿಕ್ಟೋರಿಯಾ ಕೂಡ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ 1886ರ ಒಂದು ಕಾನೂನಿನಿಂದಾಗಿ, ವಿದೇಶಿ ಬಾವುಟದ ಹಡಗು ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವುದಾದರೆ ನಡುವೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು. ಅದಕ್ಕೇ ಕೆನಡಾದ ವಿಕ್ಟೋರಿಯಾ. ಎಷ್ಟೋ ಹಡಗು ಅಲ್ಲಿಗೆ ತಲುಪುವುದೇ ರಾತ್ರಿ 8ರ ಸುಮಾರಿಗೆ. ಮೊದಲ ಪಂಕ್ತಿಯವರು ಊಟ ಮುಗಿಸಿ ಆರಾಮಾಗಿ ಇಳಿಯಬಹುದು. ಉಳಿದವರಿಗೆ ಊಟ ಇಲ್ಲವೇ ಊರು, ಎರಡರಲ್ಲಿ ಒಂದು.

ಯಾವಾಗ ಬೇಕಾದರೂ ಬನ್ನಿ ಅನ್ನುವ ಮೂರನೇ ಆಯ್ಕೆಯೂ ಈಗ ತುಂಬ ಹಡಗುಗಳಲ್ಲಿ ಇದೆ. ಯುವಕರಿಗೆ ಅದು ಒಳ್ಳೆಯದೇ. ಆದರೆ ಅಲ್ಲಿ ಸಾಮಾನ್ಯವಾಗಿ ದಿನಾ ಬೇರೆ ಮೇಜು, ಬೇರೆ ವೇಟರ್. ಸಸ್ಯಾಹಾರಿಗಳಿಗೆ ಗೊತ್ತಿರುವ ವೇಟರ್ ಸಿಗುವುದು ಎಷ್ಟು ದೊಡ್ಡ ನೆಮ್ಮದಿ ಗೊತ್ತಾ? ನಮ್ಮ ವೇಟರ್ ಸಿಹಿ ತರುವಾಗಲೇ ನಾಳೆಗೆ ದಾಲ್, ಪಲ್ಯ ಏನು ಬೇಕು ಅಂತ ಕೇಳಿ ಅಡುಗೆಮನೆಗೆ ಬರೆದುಕೊಡುತ್ತಿದ್ದ. ಅಮ್ಮ ಕೂರುವ ಮೊದಲೇ ಬಿಸಿನೀರು ಮೇಜಿನ ಮೇಲೆ ಇರುತ್ತಿತ್ತು. ಮೊಟ್ಟೆ ಇಲ್ಲ, ಮೀನು ಇಲ್ಲ ಅಂತ ದಿನಾ ಹೊಸಬರಿಗೆ ಬಿಡಿಸಿ ಹೇಳುವ ಕೆಲಸವೇ ಇರಲಿಲ್ಲ.

ಜೂನೋದಲ್ಲಿ ಹಡಗು ರಾತ್ರಿವರೆಗೂ ನಿಂತರೆ ಮೊದಲ ಪಂಕ್ತಿ ತಪ್ಪಬಹುದು, ನಿಜ. ಆ ಒಂದು ದಿನ ಮೇಲಿನ ಬಫೆಯಲ್ಲಿ ತಿಂದರಾಯಿತು. ಮೆಡಿಟರೇನಿಯನ್ ಕಡೆಯಾದರೆ ನಾನೂ ಎರಡನೆಯದನ್ನೇ ಹೇಳುತ್ತೇನೆ. ಅಲ್ಲಿ ರೋಮ್ ಸುತ್ತಿ ಚಿವಿತಾವೆಕ್ಕಿಯಾ ಬಂದರಿಗೆ ಮರಳುವಷ್ಟರಲ್ಲೇ ಸಂಜೆ ಮುಗಿದಿರುತ್ತದೆ.

ಈಗಾಗಲೇ ಎರಡನೇ ಪಂಕ್ತಿ ಬುಕ್ ಮಾಡಿದ್ದೀರಾ? ಆನ್‌ಲೈನ್‌ನಲ್ಲಿ ಇವತ್ತೇ ಬದಲಾಯಿಸಲು ನೋಡಿ, ಇಲ್ಲಾ ವೇಟ್‌ಲಿಸ್ಟ್‌ಗೆ ಹಾಕಿಸಿ. ಅದೂ ಆಗದಿದ್ದರೆ ಹಡಗು ಹತ್ತಿದ ಮಧ್ಯಾಹ್ನವೇ ಡೈನಿಂಗ್ ಹಾಲ್‌ನ ಮುಖ್ಯಸ್ಥರನ್ನು ಕಂಡು, ವಯಸ್ಸಾದವರು ಇದ್ದಾರೆ, ಮಾತ್ರೆ ತೆಗೆದುಕೊಳ್ಳಬೇಕು ಅಂತ ನೇರವಾಗಿ ಹೇಳಿ. ಸಂಜೆವರೆಗೂ ಕಾಯಬೇಡಿ, ಅಷ್ಟರಲ್ಲಿ ಮೇಜುಗಳು ತುಂಬಿಹೋಗುತ್ತವೆ.