ಒಂದು ಸೀರೆ ಉದ್ದದ ತಪ್ಪು

ನಾನು ಈಜು ಕಲಿತದ್ದು ಊರ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಚಿಕ್ಕಪ್ಪ ಹಿಂದಿನಿಂದ ತಳ್ಳಿದರು. ಮೇಲೆ ಬಂದೆ. ಬಂದರೆ ಈಜು ಬಂತು ಅಂತ ಲೆಕ್ಕ. ಎಷ್ಟು ಸೆಕೆಂಡಿಗೆ ಬಂದೆ ಅಂತ ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ಮಗಳ ಕಥೆ ಬೇರೆ. ನ್ಯೂಜೆರ್ಸಿಯಲ್ಲಿ ಬೆಳೆದವಳು. ಬೆಳಗ್ಗೆ ಐದಕ್ಕೆ ಪೂಲ್. ಸೆಕೆಂಡಿನಲ್ಲಿ ನೂರು ಪಾಲು ಮಾಡಿ, ಅದರಲ್ಲಿ ಎರಡು ಪಾಲು ಜಾಸ್ತಿ ಆಯಿತು ಅಂತ ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಬರುತ್ತಾಳೆ. ಇಲ್ಲಿ ಚೆನ್ನಾಗಿ ಈಜುವ ಮಕ್ಕಳನ್ನು ಕಾಲೇಜಿನ ಕೋಚ್‌ಗಳೇ ಹುಡುಕಿಕೊಂಡು ಬರುತ್ತಾರೆ ಅಂತ ಕೇಳಿದ್ದೆ. ನಮ್ಮ ಬಾಗಿಲಿಗೆ ಪಿಜ್ಜಾದವನು ಬಿಟ್ಟರೆ ಯಾರೂ ಬರಲಿಲ್ಲ. ಹಾಗಾಗಿ ಆಡುವ ಮಕ್ಕಳನ್ನು ಕಾಲೇಜು ಕೋಚ್‌ಗಳ ಕಣ್ಣಿಗೆ ಬೀಳಿಸುವ ಆನ್‌ಲೈನ್ ರಿಕ್ರೂಟಿಂಗ್ ಸೇವೆಯೊಂದರಲ್ಲಿ ಅವಳ ಪ್ರೊಫೈಲ್ ಹಾಕೋಣ ಅಂದುಕೊಂಡೆವು. ಜೂನ್ ತಿಂಗಳು, ಅವಳಿಗೆ ಹತ್ತನೇ ಕ್ಲಾಸಿನ ಪರೀಕ್ಷೆ. "ನೀನು ಓದ್ಕೋ, ಫಾರಂ ನಾನು ತುಂಬ್ತೀನಿ" ಅಂದೆ.

ಎತ್ತರ, ತೂಕ, ಫೋಟೋ, ಮಾರ್ಕ್ಸು. ಎರಡೂ ಕೈ ಚಾಚಿದರೆ ಬೆರಳ ತುದಿಯಿಂದ ಬೆರಳ ತುದಿಗೆ ಎಷ್ಟು ಉದ್ದ ಅಂತಲೂ ಕೇಳಿದ್ದರು. ಓದುತ್ತಿದ್ದವಳನ್ನು ಎಬ್ಬಿಸಿ, ಗೋಡೆಗೆ ನಿಲ್ಲಿಸಿ ಟೇಪ್ ಹಿಡಿದೆ. ಮೈಸೂರಿನಿಂದ ವಿಡಿಯೋ ಕಾಲ್‌ನಲ್ಲಿದ್ದ ಅಮ್ಮ ನೋಡುತ್ತಿದ್ದರು. "ಏನೋ ಇದು? ಗಂಡು ಹುಡುಕೋರೂ ಇಷ್ಟು ಅಳತೆ ಕೇಳಲ್ಲಪ್ಪ" ಅಂದರು.

ಕೊನೆಗೆ ಟೈಮ್. 100 ಫ್ರೀಸ್ಟೈಲ್, 54.8 ಸೆಕೆಂಡ್. ಆಯ್ಕೆ ಮಾಡಲು ಒಂದು ಪಟ್ಟಿ ಇತ್ತು, ಅದರಲ್ಲಿ 'ಮೀಟರ್' ಕಂಡಿತು, ಒತ್ತಿದೆ. ಭೂಮಿ ಮೇಲೆ ಈಜನ್ನು ಇನ್ಯಾವುದರಲ್ಲಿ ಅಳೆಯುತ್ತಾರೆ?

ಅಮೆರಿಕದಲ್ಲಿ ಗಜದಲ್ಲಿ ಅಳೆಯುತ್ತಾರೆ. ಶಾಲೆಯ ಪೂಲುಗಳು ಹೆಚ್ಚಾಗಿ 25 ಗಜ. ಕಾಲೇಜು ಚಾಂಪಿಯನ್‌ಶಿಪ್‌ಗಳೂ ಗಜದಲ್ಲೇ. ಹತ್ತು ವರ್ಷ ಪೂಲ್ ಪಕ್ಕ ಕೂತು ಕಾಫಿ ಕುಡಿದವನಿಗೆ ಇದು ಗೊತ್ತಿರಬೇಕಿತ್ತು, ಅಲ್ವಾ? ಗಜ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಆನೆ, ಇಲ್ಲವೇ ಸೀರೆ.

ಮೊದಲ ವಾರ ಬಂದ ಮೇಲ್‌ಗಳೆಲ್ಲ ಒಂದೇ ಥರ. 'ಒಬ್ಬ ಕೋಚ್ ನಿಮ್ಮ ಪ್ರೊಫೈಲ್ ನೋಡಿದ್ದಾರೆ!' ಯಾರು ಅಂತ ತಿಳಿಯಲು ದುಡ್ಡು ಕಟ್ಟಬೇಕು. 'ನಮ್ಮ ಬೇಸಿಗೆ ಕ್ಯಾಂಪ್‌ಗೆ ನಿಮ್ಮನ್ನು ಆರಿಸಿದ್ದೇವೆ!' ಅದಕ್ಕೂ ದುಡ್ಡು. ಆರಿಸಿದ್ದು ಮಗಳನ್ನಲ್ಲ, ನನ್ನ ಕ್ರೆಡಿಟ್ ಕಾರ್ಡನ್ನು.

ಜೂನ್ 15 ಬಂತು. ಕಾಲೇಜು ಕ್ರೀಡೆಯ ಮೇಲಿನ ಹಂತ, ಅಂದರೆ ಡಿವಿಷನ್ 1, ಅದರ ಕೋಚ್‌ಗಳು ಈಜುವ ಮಕ್ಕಳಿಗೆ ಖುದ್ದಾಗಿ ಬರೆಯಲು ನಿಯಮ ಬಿಡುವುದು ಹತ್ತನೇ ಕ್ಲಾಸ್ ಮುಗಿಸಿದ ವರ್ಷದ ಆ ದಿನದಿಂದ. ಬಂದವು ನೋಡಿ ಮೇಲ್‌ಗಳು! ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಫ್ಲೋರಿಡಾ. ಈ ಸಲ ಹೆಸರು ಹಿಡಿದು ಬರೆದಿದ್ದರು. ಸಂಪರ್ಕಕ್ಕೆ ಮಗಳ ಇಮೇಲ್ ಬದಲು ನನ್ನದೇ ಕೊಟ್ಟಿದ್ದೆ, ಅದು ಎರಡನೇ ತಪ್ಪು. ಎಲ್ಲವನ್ನೂ ಒಬ್ಬನೇ ಓದಿದೆ. ಕೆಲವಕ್ಕೆ ಮಗಳ ಹೆಸರಿನಲ್ಲಿ ಉತ್ತರವನ್ನೂ ಬರೆದೆ. ಸ್ಕಾಲರ್‌ಶಿಪ್ ಲೆಕ್ಕ ಹಾಕಿ, ಮನಸ್ಸಿನಲ್ಲೇ ಮನೆ ಸಾಲ ತೀರಿಸಿದೆ. ಪರೀಕ್ಷೆ ಮುಗಿದ ಮೇಲೆ ಹೇಳಿ ಬೆರಗುಗೊಳಿಸೋಣ ಅಂತ ಸುಮ್ಮನಿದ್ದೆ. ಅಮ್ಮನಿಗೆ ಮಾತ್ರ ಹೇಳಿದೆ. ಅಮ್ಮನಿಗೆ ಹೇಳಿದರೆ ಕುವೆಂಪುನಗರಕ್ಕೆಲ್ಲ ಹೇಳಿದ ಹಾಗೆ. 14ನೇ ವಯಸ್ಸಿಗೇ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಗಿದ್ದ ಬೆಂಗಳೂರಿನ ಈಜುಗಾರ್ತಿ ಧಿನಿಧಿ ದೇಸಿಂಗು ಜೊತೆಗೆ ನಮ್ಮ ಹುಡುಗಿಯನ್ನೂ ಸೇರಿಸಿ ಅಲ್ಲಿ ಮಾತು ಶುರುವಾಯಿತು.

ಐದನೇ ದಿನ ಒಬ್ಬ ಕೋಚ್ ವಿನಯದಿಂದ ಬರೆದರು. 'ಈ ಟೈಮ್ ಅಮೆರಿಕದ ಈಜು ಸಂಸ್ಥೆಯ ದಾಖಲೆಯಲ್ಲಿ ಸಿಗುತ್ತಿಲ್ಲ. ಯಾವ ಪೂಲ್, ಯಾವ ಸ್ಪರ್ಧೆ ಅಂತ ತಿಳಿಸುತ್ತೀರಾ?' ಬೇರೆ ದಾರಿ ಕಾಣದೆ ಮಗಳಿಗೆ ತೋರಿಸಿದೆ.

ಅವಳು ಓದಿದಳು. ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ.

"ಅಪ್ಪಾ, ಹೆಂಗಸರ 100 ಮೀಟರ್ ವಿಶ್ವದಾಖಲೆ ಎಷ್ಟು ಗೊತ್ತಾ?"

"ಎಷ್ಟು?"

"51.71. ಸಾರಾ ಸ್ಯೋಸ್ಟ್ರೋಮ್, 2017. ನೀನು ನನ್ನನ್ನ ಅವಳಿಂದ ಮೂರು ಸೆಕೆಂಡ್ ಹಿಂದೆ ನಿಲ್ಲಿಸಿದ್ದೀಯ."

50 ಮೀಟರ್ ಪೂಲಿನಲ್ಲಿ 100 ಮೀಟರ್ ಈಜಲು ಮಗಳಿಗೆ ಅರವತ್ತೆರಡು, ಅರವತ್ತಮೂರು ಸೆಕೆಂಡ್ ಬೇಕು. ಆ ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. 100 ಗಜ ಅಂದರೆ 91.44 ಮೀಟರ್. ಕಡಿಮೆ ಬಿದ್ದದ್ದು 8.56 ಮೀಟರ್. ನಮ್ಮಜ್ಜಿ ಉಡುತ್ತಿದ್ದ ಒಂಬತ್ತು ಗಜದ ಸೀರೆ 8.23 ಮೀಟರ್. ಅಂದರೆ ನಾನು ಅಜ್ಜಿಯ ಒಂದು ಇಡೀ ಸೀರೆಯನ್ನು, ಮೇಲೆ ಒಂದೂವರೆ ಗೇಣು ಸೇರಿಸಿ, ನೀರಿನಲ್ಲಿ ಮುಳುಗಿಸಿದ್ದೆ.

ಮರುದಿನ ಪಾಸ್‌ವರ್ಡ್ ಬದಲಾಯಿತು. ಮಗಳು ಎಲ್ಲ ಕೋಚ್‌ಗಳಿಗೂ ಕ್ಷಮೆ ಕೇಳಿ ಬರೆದಳು. 'ನನ್ನ ತಂದೆ ಭಾರತದಲ್ಲಿ ಬೆಳೆದವರು' ಅನ್ನುವ ವಾಕ್ಯವೂ ಅದರಲ್ಲಿತ್ತು. ನನ್ನಿಂದಾಗಿ ಇಡೀ ದೇಶದ ಮಾನ ಹೋಯಿತು. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಫ್ಲೋರಿಡಾ ಒಟ್ಟಿಗೆ ತಣ್ಣಗಾದವು. ಆಮೇಲೆ ಅವಳೇ ಕೂತು, ತನ್ನ ಟೈಮ್‌ಗೆ ಹೊಂದುವ ಮೂರನೇ ಹಂತದ, ಅಂದರೆ ಡಿವಿಷನ್ 3 ಕಾಲೇಜುಗಳಿಗೆ ಒಂದೊಂದಾಗಿ ಬರೆದಳು. ಡಿವಿಷನ್ 3ರಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ. ಮನೆ ಸಾಲ ಮತ್ತೆ ತಲೆ ಮೇಲೆ ಬಂತು.

ಒಂದು ಸಣ್ಣ ಕಾಲೇಜಿನ ಕೋಚ್ ಬಂದು ನೋಡಿ ಅಂದರು. ಹೋದೆವು. ನನ್ನ ಕೆಲಸ ಡ್ರೈವ್ ಮಾಡುವುದು, ಬಾಯಿ ಮುಚ್ಚಿಕೊಂಡಿರುವುದು. ಪೂಲ್ ತೋರಿಸಿ ಅವರು, "ಏನಾದರೂ ಕೇಳೋದಿದೆಯಾ?" ಅಂತ ನನ್ನ ಕಡೆ ತಿರುಗಿದರು. ತಡೆಯಲಾಗಲಿಲ್ಲ.

"ಇದು ಗಜದ್ದಾ, ಮೀಟರಿನದ್ದಾ?"

"ಎರಡೂ" ಅಂದರು ಕೋಚ್ ಖುಷಿಯಿಂದ. "ಮಧ್ಯದ ಆ ಗೋಡೆ ಸರಿಯುತ್ತದೆ. ಎಲ್ಲಿ ನಿಲ್ಲಿಸುತ್ತೇವೋ ಅದರ ಮೇಲೆ."

ನಾನು ಮಗಳ ಕಡೆ ನೋಡಿದೆ. ಅವಳು ಆಗಲೇ ಪೂಲಿನ ಆ ತುದಿಗೆ ಹೋಗಿ, ಯಾರೋ ಬೇರೆಯವರ ಮಗಳ ಹಾಗೆ ನಿಂತಿದ್ದಳು.