ಮೈನಸ್ ಡಿಗ್ರಿಯಲ್ಲಿ ಕ್ವಾರ್ಟರ್‌ಬ್ಯಾಕ್: ಚಳಿ ಕಾರಣವೋ, ನೆಪವೋ?

ಅಮೆರಿಕನ್ ಫುಟ್‌ಬಾಲ್‌ನ ಪ್ಲೇಆಫ್ ಶುರುವಾಗುವುದೇ ಜನವರಿಯಲ್ಲಿ. ಗ್ರೀನ್ ಬೇ, ಬಫಲೊ, ಕಾನ್ಸಾಸ್ ಸಿಟಿಯಂಥ ಊರುಗಳ ಮೈದಾನಕ್ಕೆ ಮೇಲೆ ಚಾವಣಿಯೂ ಇಲ್ಲ. ತಂಡದ ಪರವಾಗಿ ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನು ಸೋತರೆ ಮೊದಲು ಕೇಳಿಬರುವ ಮಾತು ಒಂದೇ: ಪಾಪ, ಎಂಥಾ ಚಳಿ ಇತ್ತು! ಆ ಮಾತಿನಲ್ಲಿ ಎಷ್ಟು ಹುರುಳಿದೆ?

ಪರ: ಚಳಿ ಕದಿಯುವುದು ಬೆರಳನ್ನು

ನಮ್ಮ ಮನೆಯ ಫ್ರಿಜ್‌ನ ಮೇಲಿನ ಖಾನೆಯಲ್ಲಿ ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಲ್ಲಿಂದ ಐಸ್ ಟ್ರೇ ಕೀಳಲು ಹೋದರೆ ಅರ್ಧ ನಿಮಿಷಕ್ಕೆ ಬೆರಳು ಮರಗಟ್ಟುತ್ತದೆ, ಅಲ್ವಾ? ಈಗ ಆ ಖಾನೆಯೊಳಗೇ ಮೂರು ಗಂಟೆ ನಿಂತು, ಎರಡೂ ತುದಿ ಚೂಪಾದ ಚರ್ಮದ ಚೆಂಡನ್ನು 40 ಗಜ ದೂರ ಓಡುತ್ತಿರುವವನ ಎದೆಗೆ ಸರಿಯಾಗಿ ಎಸೆಯಿರಿ ನೋಡೋಣ.

ಎಸೆತದ ಗುಟ್ಟು ತೋಳಿನಲ್ಲಿಲ್ಲ, ಬೆರಳ ತುದಿಯಲ್ಲಿದೆ. ಚೆಂಡು ಕೈ ಬಿಡುವ ಕೊನೇ ಕ್ಷಣದಲ್ಲಿ ಬೆರಳು ಅದನ್ನು ತಿರುಗಿಸುತ್ತದೆ. ಆ ತಿರುಗು ಸರಿಯಾಗಿ ಸಿಕ್ಕರೆ ಚೆಂಡು ನೆಟ್ಟಗೆ ಹೋಗುತ್ತದೆ, ಇಲ್ಲದಿದ್ದರೆ ಓಲಾಡುತ್ತದೆ. ಇಬ್ಬನಿಗೆ ಒದ್ದೆಯಾದ ಚೆಂಡು ಹಿಡಿದ ಸ್ಪಿನ್ನರ್‌ನ ಪಾಡು ನಮಗೆ ಗೊತ್ತಿರುವುದೇ. ಇಲ್ಲಿ ಅದಕ್ಕಿಂತ ಕಷ್ಟ. ಚಳಿಗೆ ಮೈ ತನ್ನ ಬಿಸಿ ಉಳಿಸಿಕೊಳ್ಳಲು ಬೆರಳಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬೆರಳಿಗೆ ಸ್ಪರ್ಶವೇ ತಿಳಿಯುವುದಿಲ್ಲ. ಚೆಂಡಿನ ಚರ್ಮವೋ ಗಟ್ಟಿಯಾಗಿ ಜಾರುತ್ತದೆ.

ಚೆಂಡಿನೊಳಗಿನ ಗಾಳಿಯೂ ಸುಮ್ಮನಿರುವುದಿಲ್ಲ. ನಿಯಮದ ಪ್ರಕಾರ ಚೆಂಡಿನಲ್ಲಿ 12.5ರಿಂದ 13.5 ಪಿಎಸ್‌ಐ ಒತ್ತಡ ಇರಬೇಕು. 20 ಡಿಗ್ರಿಯ ಕೋಣೆಯಲ್ಲಿ 13 ತುಂಬಿಸಿ, ಮೈನಸ್ 20ರ ಮೈದಾನಕ್ಕೆ ತಂದು ಪೂರ್ತಿ ತಣಿಯಲು ಬಿಟ್ಟರೆ, ಲೆಕ್ಕದ ಪ್ರಕಾರ ಅದು 9ರ ಹತ್ತಿರಕ್ಕೆ ಇಳಿಯುತ್ತದೆ. ಹೊರಗಿನ ಗಾಳಿ ಶೇ 15ರಷ್ಟು ದಟ್ಟವಾಗಿ, ಹಾರುವ ಚೆಂಡನ್ನು ಹಿಡಿದು ನಿಲ್ಲಿಸುತ್ತದೆ.

ಇದೆಲ್ಲ ಬರೀ ಪುಸ್ತಕದ ಮಾತು ಅನ್ನುವವರು ಡ್ಯಾನ್ ಫೌಟ್ಸ್‌ನನ್ನು ನೋಡಲಿ. 1981ರ ಸೀಸನ್‌ನಲ್ಲಿ ಈ ಸ್ಯಾನ್ ಡಿಯಾಗೊ ಆಟಗಾರ ಎಸೆದದ್ದು 4,802 ಗಜ, ಅಂದರೆ ಅವನ ಎಸೆತಗಳಿಂದ ತಂಡ ಮುಂದೆ ಸಾಗಿದ ಒಟ್ಟು ದೂರ. ಆಗ ಅದು ದಾಖಲೆ. 1982ರ ಜನವರಿ 2ರಂದು ಮಯಾಮಿಯ ಸೆಕೆಯಲ್ಲಿ 433 ಗಜ ಎಸೆದು ಗೆದ್ದ. ಎಂಟೇ ದಿನ ಬಿಟ್ಟು ಸಿನ್ಸಿನಾಟಿಯಲ್ಲಿ ಮೈನಸ್ 23. ಅಲ್ಲಿ ಬಂದದ್ದು 185 ಗಜ, ಎರಡು ಚೆಂಡು ಎದುರಾಳಿಗಳ ಕೈಗೆ. ಸೋಲು 27-7. ಎಂಟು ದಿನದಲ್ಲಿ ಯಾರೂ ಆಟ ಮರೆಯುವುದಿಲ್ಲ.

ಹಳೇ ಕಾಲದ ಕತೆ ಬೇಡ ಅಂದರೆ 2024ರ ಜನವರಿ ಇದೆ. 2023ರ ಸೀಸನ್‌ನಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ಗಜ ಎಸೆದವನು ಮಯಾಮಿಯ ಟುವಾ ಟಾಗೊವೈಲೊವಾ. ಕಾನ್ಸಾಸ್ ಸಿಟಿಯ ಮೈನಸ್ 20ರಲ್ಲಿ ಅವನ ತಂಡ ಇಡೀ ಪಂದ್ಯಕ್ಕೆ ಗಳಿಸಿದ್ದು 7 ಅಂಕ.

ಇನ್ನು 1967ರ ಡಿಸೆಂಬರ್ 31ರಂದು ಗ್ರೀನ್ ಬೇ ಮತ್ತು ಡಲ್ಲಸ್ ಆಡಿದ, 'ಐಸ್ ಬೌಲ್' ಅಂತಲೇ ಹೆಸರಾದ ಪಂದ್ಯ. ಗ್ರೀನ್ ಬೇಯಲ್ಲಿ ಮೈನಸ್ 25. ನೆಲದಡಿ ಹಾಕಿದ್ದ ಬಿಸಿ ಮಾಡುವ ವ್ಯವಸ್ಥೆ ಕೈಕೊಟ್ಟು ಮೈದಾನ ಮಂಜುಗಡ್ಡೆಯಾಯಿತು. ರೆಫರಿಯ ಲೋಹದ ಸೀಟಿ ತುಟಿಗೆ ಅಂಟಿಕೊಂಡಿತು. ಡಲ್ಲಸ್ ತಂಡದಲ್ಲಿ ಬಾಬ್ ಹೇಯ್ಸ್ ಇದ್ದ, 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ ಗೆದ್ದವನು. ಚೆಂಡು ತನ್ನ ಕಡೆ ಬರುವುದಿಲ್ಲ ಅಂತ ಗೊತ್ತಿದ್ದಾಗ ಅವನು ಕೈಗಳನ್ನು ಪ್ಯಾಂಟಿನೊಳಗೆ ತೂರಿಸಿಕೊಂಡು ನಿಲ್ಲುತ್ತಿದ್ದ. ಎದುರಾಳಿಗಳಿಗೆ ಅಷ್ಟೇ ಸಾಕಾಯಿತು. ಡಲ್ಲಸ್‌ನ ಕ್ವಾರ್ಟರ್‌ಬ್ಯಾಕ್ ಡಾನ್ ಮೆರೆಡಿತ್ 25 ಸಲ ಎಸೆದು ಗಳಿಸಿದ್ದು 59 ಗಜ. ಗೆದ್ದ ಗ್ರೀನ್ ಬೇಯ ಬಾರ್ಟ್ ಸ್ಟಾರ್ ಕೂಡ ಕೈಯಿಂದ ಚೆಂಡು ಬೀಳಿಸಿ ಎದುರಾಳಿಗೆ ಒಂದು ಟಚ್‌ಡೌನ್ (ಚೆಂಡಿನೊಂದಿಗೆ ಕೊನೇ ಗೆರೆ ದಾಟಿ ಗಳಿಸುವ ಅಂಕ) ದಾನ ಮಾಡಿದ. ಇಬ್ಬರ ಕೈಯನ್ನೂ ಕಟ್ಟಿದ್ದು ಚಳಿಯೇ.

ವಿರೋಧ: ಚಳಿ ಇಬ್ಬರಿಗೂ ಒಂದೇ

ಬೆರಳು ಮರಗಟ್ಟುವುದು ಸುಳ್ಳು ಅಂತ ನಾನೆಲ್ಲಿ ಹೇಳಿದೆ? ಆದರೆ ಮೈದಾನದಲ್ಲಿ ಇರುವುದು ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು, ಥರ್ಮಾಮೀಟರ್ ಒಂದೇ. ಫೌಟ್ಸ್ ಪರದಾಡಿದ ಅದೇ ಸಿನ್ಸಿನಾಟಿಯಲ್ಲಿ, ಅದೇ ಹೊತ್ತಿಗೆ, ಕೆನ್ ಆ್ಯಂಡರ್ಸನ್ 22ರಲ್ಲಿ 14 ಎಸೆತ ಮುಟ್ಟಿಸಿ ಎರಡು ಟಚ್‌ಡೌನ್ ಹಾಕಿದ. ಒಂದು ಚೆಂಡನ್ನೂ ಎದುರಾಳಿಗೆ ಕೊಡಲಿಲ್ಲ. ಅವನ ಕೈಗೇನು ಬೇರೆ ರಕ್ತ ಹರಿಯುತ್ತಿತ್ತೇ?

"ಅವನಿಗೆ ಚಳಿ ಅಭ್ಯಾಸ, ಇವನು ಬಿಸಿಲ ನಾಡಿನವನು" ಅನ್ನುವ ಮಾತು ಬರುತ್ತದೆ. ನನಗೆ ನಗು ಬರುವುದು ಇಲ್ಲೇ. ಐಸ್ ಬೌಲ್ ಗೆದ್ದ ಬಾರ್ಟ್ ಸ್ಟಾರ್ ಹುಟ್ಟಿದ್ದು ಬೆಚ್ಚನೆಯ ದಕ್ಷಿಣದ ಅಲಬಾಮಾದಲ್ಲಿ. ಟುವಾನನ್ನು ಸೋಲಿಸಿದ ಪ್ಯಾಟ್ರಿಕ್ ಮಹೋಮ್ಸ್ ಅದೇ ದಕ್ಷಿಣದ ಟೆಕ್ಸಸ್‌ನವನು. 2008ರ ಜನವರಿ 20ರಂದು ಗ್ರೀನ್ ಬೇಯಲ್ಲಿ ಸರಿಯಾಗಿ ಫ್ರಿಜ್‌ನ ಲೆಕ್ಕದ ಮೈನಸ್ 18 ಇತ್ತು. ಆ ಊರಲ್ಲಿ 1992ರಿಂದ ಆಡುತ್ತಿದ್ದ ಬ್ರೆಟ್ ಫಾವ್ರ್ ಎರಡು ಸಲ ಎದುರಾಳಿಗೆ ಚೆಂಡು ಕೊಟ್ಟ. ಎರಡನೆಯದು ಓವರ್‌ಟೈಮ್‌ನಲ್ಲಿ, ಪಂದ್ಯವೇ ಹೋಯಿತು. ಎದುರಾಳಿ ನ್ಯೂಯಾರ್ಕ್ ತಂಡದಲ್ಲಿದ್ದವನು ದಕ್ಷಿಣದ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ಈಲೈ ಮ್ಯಾನಿಂಗ್. ಅವನು 40 ಸಲ ಎಸೆದ, 251 ಗಜ, ಒಂದೂ ತಪ್ಪು ಕೈಗೆ ಹೋಗಲಿಲ್ಲ. ಅವನ ತಂಡದ ಪ್ಲಾಕ್ಸಿಕೊ ಬರೆಸ್ ಒಬ್ಬನೇ 11 ಸಲ ಹಿಡಿದ. ಆ ಹಿಡಿದ ಕೈಗಳಿಗೂ ಅದೇ ಚಳಿ ತಾನೇ?

ಪಿಎಸ್‌ಐ ಲೆಕ್ಕಕ್ಕೂ ಒಂದು ಮಾತು. ಗಾಳಿ ಇಳಿದ ಚೆಂಡು ಹಿಡಿಯಲು ಸುಲಭ. ಅದಕ್ಕೇ ಅಲ್ವಾ 2015ರಲ್ಲಿ ನ್ಯೂ ಇಂಗ್ಲೆಂಡ್ ತಂಡ ಬೇಕೆಂದೇ ಗಾಳಿ ಇಳಿಸಿತು ಅಂತ ಅಷ್ಟೊಂದು ರಂಪವಾಗಿ, ಟಾಮ್ ಬ್ರೇಡಿಗೆ ನಾಲ್ಕು ಪಂದ್ಯಗಳ ನಿಷೇಧ ಬಿದ್ದದ್ದು? ಒಂದು ಕಡೆ ಅದನ್ನು ಮೋಸದ ಲಾಭ ಅನ್ನುವುದು, ಇನ್ನೊಂದು ಕಡೆ ಚಳಿಯ ಕಾಟ ಅನ್ನುವುದು, ಎರಡೂ ಒಟ್ಟಿಗೆ ನಡೆಯುವುದಿಲ್ಲ.

ನಿಜವಾದ ಕಳ್ಳ ಬೇರೆ ಇದ್ದಾನೆ, ಬೀಸುವ ಗಾಳಿ. ಬಫಲೊ ಮತ್ತು ನ್ಯೂ ಇಂಗ್ಲೆಂಡ್ ಒಂದೇ ಮೈದಾನದಲ್ಲಿ 40 ದಿನಗಳ ಅಂತರದಲ್ಲಿ ಎರಡು ಸಲ ಆಡಿದವು. 2021ರ ಡಿಸೆಂಬರ್ 6ರದ್ದು ಲೀಗ್ ಪಂದ್ಯ. ಚಳಿ ಅಷ್ಟೇನಿಲ್ಲ, ಸೊನ್ನೆಯ ಆಸುಪಾಸು. ಆದರೆ ಗಾಳಿಯ ಅಬ್ಬರಕ್ಕೆ ಗೋಲ್ ಕಂಬಗಳೇ ತೂಗಾಡುತ್ತಿದ್ದವು. ನ್ಯೂ ಇಂಗ್ಲೆಂಡ್‌ನ ಮ್ಯಾಕ್ ಜೋನ್ಸ್ ಇಡೀ ಪಂದ್ಯದಲ್ಲಿ ಎಸೆದದ್ದು ಮೂರೇ ಸಲ. ಹೌದು, ಮೂರು. ಚೆಂಡು ಹಿಡಿದು ಓಡಿ ಓಡಿಯೇ 14-10ರಿಂದ ಗೆದ್ದರು. 2022ರ ಜನವರಿ 15ರಂದು ಪ್ಲೇಆಫ್. ಮೈನಸ್ 14, ಗಾಳಿಯ ಸದ್ದಿಲ್ಲ. ಕ್ಯಾಲಿಫೋರ್ನಿಯಾದ ಹೊಲಗಳ ನಡುವೆ ಬೆಳೆದ ಜೋಶ್ ಆ್ಯಲನ್ 25ರಲ್ಲಿ 21 ಮುಟ್ಟಿಸಿದ. 308 ಗಜ, ಐದು ಟಚ್‌ಡೌನ್. ಮುಂದೆ ಸಾಗಲಾಗದೆ ಚೆಂಡನ್ನು ಎದುರಾಳಿಗೆ ಒದ್ದು ಬಿಟ್ಟುಕೊಡುವ ಪಾಡು ಬಫಲೊಗೆ ಒಂದು ಸಲವೂ ಬರಲಿಲ್ಲ, ಗೆಲುವು 47-17. ಚಳಿಯೇ ಮುಖ್ಯವಾಗಿದ್ದರೆ ಈ ಎರಡು ಸಂಜೆಗಳು ಅದಲುಬದಲಾಗಬೇಕಿತ್ತು.

ಫೌಟ್ಸ್ ಸೋತ ದಿನವೂ ಸಿನ್ಸಿನಾಟಿಯಲ್ಲಿ ಜೋರು ಗಾಳಿ ಇತ್ತು ಅನ್ನುವುದನ್ನು ಪರ ವಾದದವರು ಮೆಲ್ಲಗೆ ಬಿಟ್ಟರು. ಐಸ್ ಬೌಲ್ ವಿಷಯದಲ್ಲೂ ಒಂದನ್ನು ಬಿಟ್ಟಿದ್ದಾರೆ. ಮೆರೆಡಿತ್ ಒದ್ದಾಡುತ್ತಿದ್ದ ಅದೇ ತಂಡದ ಡ್ಯಾನ್ ರೀವ್ಸ್, ಚೆಂಡು ಹಿಡಿದು ಓಡುವುದು ಅವನ ಕೆಲಸ, ನಾಲ್ಕನೇ ಕ್ವಾರ್ಟರ್‌ನ ಮೊದಲ ಆಟದಲ್ಲೇ ಓಡುವಂತೆ ನಟಿಸಿ 50 ಗಜದ ಟಚ್‌ಡೌನ್ ಎಸೆದ. ಕಾಲೇಜಿನಲ್ಲಿ ಅವನೂ ಕ್ವಾರ್ಟರ್‌ಬ್ಯಾಕ್ ಆಗಿದ್ದ, ಒಪ್ಪಿದೆ. ಆದರೂ ಅದೇ ಮೈನಸ್ 25, ಅದೇ ಕಲ್ಲಿನಂಥ ಚೆಂಡು.

ಸ್ಟಾರ್‌ನ ಕೈಯ ಬಗ್ಗೆ ಇಷ್ಟು ಹೇಳಿದವರು ಅವನ ತಲೆಯ ಬಗ್ಗೆ ಹೇಳಲಿಲ್ಲ. ಐದು ನಿಮಿಷಕ್ಕೂ ಕಡಿಮೆ ಉಳಿದಿದ್ದಾಗ ಟಚ್‌ಡೌನ್ ಗೆರೆಗೆ 68 ಗಜ ದೂರದಿಂದ ಹೊರಟ. ಓಡುವವರಿಗೆ ಕೈಲಿ ಕೊಟ್ಟ, ದೂರಕ್ಕೆ ಆಸೆಪಡದೆ ಹತ್ತಿರ ಹತ್ತಿರ ಎಸೆದ. ಕೊನೆಗೆ ಒಂದೇ ಗಜ ಉಳಿಯಿತು. ಓಡಬೇಕಾದವರು ಮಂಜುಗಡ್ಡೆಯ ಮೇಲೆ ಜಾರುತ್ತಿದ್ದರು. ಸ್ಟಾರ್ ಗಡಿಯಾರ ನಿಲ್ಲಿಸಿ ಕೋಚ್ ವಿನ್ಸ್ ಲೊಂಬಾರ್ಡಿಯ ಹತ್ತಿರ ಹೋಗಿ, ಚೆಂಡನ್ನು ಯಾರಿಗೂ ಕೊಡದೆ ತಾನೇ ನುಗ್ಗುತ್ತೇನೆ ಅಂದ. ಸರಿ ನುಗ್ಗು, ಇಲ್ಲಿಂದ ಬೇಗ ಮನೆಗೆ ಹೋಗೋಣ ಅನ್ನುವ ಧಾಟಿಯಲ್ಲಿ ಲೊಂಬಾರ್ಡಿ ಗದರಿ ಕಳಿಸಿದ. ಸ್ಟಾರ್ ಗೆರೆ ದಾಟಿ ಬಿದ್ದಾಗ ಗಡಿಯಾರದಲ್ಲಿ 13 ಸೆಕೆಂಡ್ ಉಳಿದಿತ್ತು.